ಟೆರಿಯರ್‌ಗೆ ಮನೆ ನೋಡುವ ಮಾಳವ್ವ

ಶುಕ್ರವಾರ, ಬೆಳಗಿನ ಐದೂವರೆ. ನವನಗರದ ಮನೆಯೊಂದರ ಕಾಂಪೌಂಡಿನೊಳಗೆ ಮಾಳವ್ವ ಮೊಣಕಾಲೂರಿ ಕುಳಿತಿದ್ದಾರೆ. ಎದುರಿಗೆ, ಗುಲಾಬಿ ಗಿಡದ ಬುಡದಲ್ಲಿ ಮೊಳದಾಳದ ಗುಂಡಿ. ಗುಂಡಿಯೊಳಗಿಂದ ಎರಡು ಹಿಂಗಾಲು, ಒಂದು ಮೋಟು ಬಾಲ ಮಾತ್ರ ಹೊರಗೆ ಕಾಣುತ್ತಿವೆ.

“ಹೊರಗ ಬಾರೋ ಎಪ್ಪಾ, ನಿನ್ನ ಕಾಲ ಬೀಳತೇನಿ. ಸಾಹೇಬ್ರು ಏಳೂದ್ರಾಗ ಇದನ್ನ ಮುಚ್ಚಬೇಕು.”

ಉತ್ತರವಾಗಿ ಒಂದು ಬೊಗಸೆ ಮಣ್ಣು ಅವರ ಮುಖಕ್ಕೇ ಬಂದು ಬೀಳುತ್ತದೆ. ಆಮೇಲೆ ಮಹಾಶಯ ತಾನಾಗಿ ಮೇಲೆ ಬರುತ್ತಾನೆ. ಹೆಸರು ಚುರಮರಿ, ಜಾತಿ ಟೆರಿಯರ್, ಸಣ್ಣ ಬಿಳಿ ನಾಯಿ. ಸದ್ಯಕ್ಕೆ ಬಣ್ಣ ಮಾತ್ರ ಇಟ್ಟಿಗೆಯದು.

ಐವತ್ತೆಂಟು ವರ್ಷದ ಮಾಳವ್ವ ಅಮರಗೋಳದಿಂದ ನಡೆದೇ ಬರುತ್ತಾರೆ. ದಿನಕ್ಕೆ ಏಳು ಮನೆ, ಏಳು ಟೆರಿಯರ್. ಗಂಟುಗಟ್ಟಿದ ಕೂದಲು ಬಾಚಬೇಕು, ಗಡ್ಡ ಮೀಸೆ ಕತ್ತರಿಸಬೇಕು, ಕಿವಿ ಒರೆಸಬೇಕು, ಉಗುರು ತೆಗೆಯಬೇಕು. ದೊಡ್ಡ ನಾಯಿಗಳ ಗೊಡವೆಗೆ ಅವರು ಹೋಗುವುದಿಲ್ಲ. “ಅವು ಹೇಳಿದ್ದ ಕೇಳತಾವ್ರಿ. ಕೇಳೂ ನಾಯಿಗೆ ನಾ ಯಾಕ ಬೇಕು?”

ಮಾಳವ್ವನದು ಕುಂದಗೋಳ ಕಡೆಯ ಕುರಿಗಾರರ ಮನೆತನ. ಕುರಿ ಮಾರಿ ಊರು ಬಿಟ್ಟ ಮೇಲೆ ಪ್ರಾಣಿವೈದ್ಯರೊಬ್ಬರ ಬಳಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಒಂದು ದಿನ ವೈದ್ಯರಿಲ್ಲದ ಹೊತ್ತಿನಲ್ಲಿ ಯಾರೋ ಕೂದಲು ಜಡೆಗಟ್ಟಿದ ಟೆರಿಯರ್ ತಂದರು. ಮಾಳವ್ವ ಚೀಲದಿಂದ ಕುರಿ ಕತ್ತರಿ ತೆಗೆದು, ನಾಯಿಯ ನಾಲ್ಕೂ ಕಾಲು ಒತ್ತಿ ಹಿಡಿದು, ಹತ್ತೇ ನಿಮಿಷದಲ್ಲಿ ಬೋಳಿಸಿಬಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೆನ್ನ ಮೇಲೆ ದುಂಡಗೆ ಕೆಂಪು ಬಣ್ಣವನ್ನೂ ಬಳಿದರು. “ಮತ್ತ? ಬ್ಯಾರೇದವರ ಹಿಂಡಿನಾಗ ಕೂಡಿದ್ರ ಗುರ್ತ ಸಿಗಬೇಕಲ್ರಿ!” ಮನೆಯವರು ಕಿರುಚಿದ್ದು ದವಾಖಾನೆಯ ಹೊರಗಿನವರೆಗೂ ಕೇಳಿತಂತೆ. ಆದರೆ ವರ್ಷಗಳಿಂದ ಕೆರೆದುಕೊಳ್ಳುತ್ತಿದ್ದ ನಾಯಿ ಅಂದು ರಾತ್ರಿ ನಿದ್ದೆ ಮಾಡಿತು. ಮರುವಾರ ಅವರೇ ಮಾಳವ್ವನನ್ನು ಹುಡುಕಿಕೊಂಡು ಬಂದರು.

ಈಗ ತಮ್ಮ ಗಿರಾಕಿಗಳ ಮನೆಯಲ್ಲಿ ನಾಯಿ ಮರಿ ಹಾಕಿದರೆ, ಆ ಮರಿ ಯಾರ ಮನೆ ಸೇರಬೇಕೆಂದು ತೀರ್ಮಾನಿಸುವವರೂ ಅವರೇ. ಹೆಣ್ಣು ಕೊಡುವವರು ಗಂಡಿನ ಮನೆ ನೋಡುವಂತೆ ಮಾಳವ್ವ ಮನೆ ನೋಡುತ್ತಾರೆ. ಆದರೆ ಹೇಳದೆ ಕೇಳದೆ, ನಸುಕಿನ ಐದಕ್ಕೆ. ಎದ್ದು ಗೇಟು ತೆಗೆದವರಿಗೆ ಮರಿ. “ಇವುಗಳ ಹಿರ್ಯಾರು ಬಿಲಾ ಹೊಕ್ಕು ಇಲಿ ಹಿಡ್ಯಾವ್ರು. ನಸಕಿನ್ಯಾಗ ತಿರಗಾಕ ಕರಕೊಂಡ ಹೋಗಲಿಲ್ಲಂದ್ರ ತಾವs ಕೆಲಸಾ ಹುಡುಕತಾವ.” ಗೇಟು ತೆಗೆಯದವರಿಗೂ ಒಂದು ಸಲಹೆ ಉಂಟು: “ಮೀನಾ ಸಾಕ್ರಿ.”

ಈ ಪರೀಕ್ಷೆ ಒಮ್ಮೆ ಮಾತ್ರ ಕೈಕೊಟ್ಟಿದೆ, ಇದೇ ಮನೆಯಲ್ಲಿ. ಮನೆಯ ಯಜಮಾನ ರಾಜೀವ ತಾರಿಹಾಳದಲ್ಲಿ ಸಣ್ಣ ಕಾರ್ಖಾನೆ ನಡೆಸುವವರು. ಹತ್ತು ತಿಂಗಳ ಹಿಂದೆ ಮಾಳವ್ವ ಬಂದಾಗ ಸ್ವತಃ ಅವರೇ ಗೇಟು ತೆಗೆದಿದ್ದರು. “ಜಳಕಾ ಮಾಡಿ, ತಲಿ ಬಾಚಿ ನಿಂತಿದ್ರು. ಚುರಮರಿ ಪುಣ್ಯಾ ಮಾಡ್ಯಾನ ಅನಕೊಂಡೆ.” ಅಸಲಿಗೆ ಅವರಿಗೆ ಅಂದು ರೈಲು ಹಿಡಿಯುವುದಿತ್ತು. ಉಳಿದ ದಿನಗಳಲ್ಲಿ ಆ ಮನೆಗೆ ಬೆಳಗಾಗುವುದೇ ಎಂಟಕ್ಕೆ.

ಐದಕ್ಕೇ ಏಳುವ ಚುರಮರಿ ಮೂರು ತಾಸು ಏನು ಮಾಡಬೇಕು? ಗುಲಾಬಿ ಕಿತ್ತಿತು, ರಾಜೀವರ ಹೊಸ ಬೂಟು ತಿಂದಿತು. “ಗಿಡಾ ಹೋದ್ರ ಹೋಗ್ಲಿ, ನೀರಿನ ಪೈಪೂ ಕಡದಾನಲ್ರಿ ಮಾಳವ್ವ” ಎನ್ನುತ್ತಾರೆ ರಾಜೀವರ ಹೆಂಡತಿ. ಎರಡು ವಾರದ ಹಿಂದೆ ರಾಜೀವ ಗಡುವು ಕೊಟ್ಟರು: ಈ ಭಾನುವಾರದೊಳಗೆ ಸುಧಾರಿಸದಿದ್ದರೆ ಚುರಮರಿ ತಾರಿಹಾಳದ ಶೆಡ್ಡಿಗೆ, ಸರಪಳಿಗೆ. ಮಗಳು ಸಾನ್ವಿ ಅತ್ತಳು. ಅಳುವುದರಲ್ಲಿ ಮುಂದಿರುವ ಸಾನ್ವಿ ಏಳುವುದರಲ್ಲಿ ಮಾತ್ರ ಅಪ್ಪನ ಮಗಳು.

ಅಂದಿನಿಂದ ಮಾಳವ್ವ ದಿನವೂ ಐದಕ್ಕೇ ಬಂದು ತಾವೇ ಚುರಮರಿಯನ್ನು ತಿರುಗಾಡಿಸಿ, ಗುಂಡಿ ಮುಚ್ಚಿ ಹೋಗುತ್ತಿದ್ದಾರೆ. “ಆರಿಸಿ ಕೊಟ್ಟಾಕಿ ನಾನs. ತಪ್ಪ ನಂದು. ಅದಕ್ಯಾಕ ಸರಪಳಿ?” ಎನ್ನುತ್ತಾರೆ. ಆದರೆ ತಿರುಗಾಡಿ ಬಂದ ಮೇಲೂ, ಮನೆಯವರು ಇನ್ನೂ ಮಲಗಿರುವಾಗ, ದಿನವೂ ಹೊಸ ಗುಂಡಿ ಬೀಳುವುದು ನಿಂತಿಲ್ಲ.

ಶನಿವಾರ ಮಾಳವ್ವನ ಮೊಣಕಾಲು ಬಾತು ಏಳಲಾಗಲಿಲ್ಲ. ಭಾನುವಾರ ಕುಂಟುತ್ತ, ಕೊನೆಯ ಸಲ ಕೂದಲು ಬಾಚಿ ಕಳಿಸೋಣವೆಂದು ಬರುತ್ತಾರೆ. ಗೇಟು ತೆರೆದಿದೆ. ಗೂಡು ಖಾಲಿ. ಗೋಡೆಗೆ ತೂಗುಹಾಕಿದ್ದ ಹಗ್ಗವೂ ಇಲ್ಲ. ಮಾಳವ್ವ ಅಲ್ಲೇ ಕಟ್ಟೆಯ ಮೇಲೆ ಕುಸಿದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಆಗ ರಸ್ತೆಯ ತಿರುವಿನಲ್ಲಿ ಚುರಮರಿ ಪ್ರತ್ಯಕ್ಷ. ಅದರ ಹಿಂದೆ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ, ಮಲಗುವ ಬಟ್ಟೆಯಲ್ಲೇ ಏದುಸಿರು ಬಿಡುತ್ತಿರುವ ರಾಜೀವ.

“ನಿನ್ನೆ ನೀವು ಬರ್ಲಿಲ್ಲ ನೋಡ್ರಿ. ಇಂವಾ ಐದಕ್ಕ ಎದ್ದು ಬಾಗಲಾ ಕೆರ್ಯಾಕತ್ತಿದ. ಸುಮ್ಮನಾದ್ರ ಸಾಕಂತ ಒಂದ ಸುತ್ತ ಹಾಕಿಸಿದೆ. ಇವತ್ತ ನಾ ಕರಕೊಂಡ ಹೋಗ್ಲಿಲ್ರಿ, ಇವನs ನನ್ನ ಎಬ್ಬಿಸಿ ಎಳಕೊಂಡ ಹೋದಾ.” ಉಸಿರು ತೆಗೆದುಕೊಂಡು, ಅಂಗಳ ನೋಡಿ, ಅಚ್ಚರಿಯಿಂದ ಸೇರಿಸುತ್ತಾರೆ: “ಒಂದೂ ತೆಗ್ಗ ತೋಡಿಲ್ಲ.”

“ತಾರಿಹಾಳಾ?” ಮಾಳವ್ವ ಮೆಲ್ಲಗೆ ಕೇಳುತ್ತಾರೆ.

“ಅಲ್ಲಿ ಇವನ್ನ ತಿರಗಾಡ್ಸಾವ್ರು ಯಾರದಾರ್ರಿ?” ಎಂದು ರಾಜೀವ ನಾಯಿಯ ಕಿವಿ ತುರಿಸುತ್ತಾರೆ.

ಮಾಳವ್ವ ಹಣೆ ಚಚ್ಚಿಕೊಂಡು ನಗುತ್ತಾರೆ. “ಎರಡ ವಾರಾ ನಾನs ನಿಮ್ಮಿಬ್ಬರ ನಡಕ ಅಡ್ಡ ನಿಂತಿದ್ನೆಲ್ರಿ, ಸಾಹೇಬ್ರ!”

“ನಾಳೆ ಬರ್ತೀರಿಲ್ಲೋ?”

“ಬರತೇನ್ರಿ, ಕೂದಲಾ ಬಾಚಾಕ, ಎಂಟಕ್ಕ” ಎನ್ನುತ್ತಾರೆ ಮಾಳವ್ವ, ಬಾತ ಮೊಣಕಾಲು ಹಿಡಿದು ಏಳುತ್ತ. “ಐದಕ್ಕ ನಾಯಿ ನಿಮ್ಮದು.”