ನಿದ್ದೆಯಿಂದೆದ್ದವರ ತೀರ್ಪು

ಕಾರು ಹಿಂದಕ್ಕೆ ಬರುವಾಗ ಒಂದು ಟ್ಯೂನ್ ಬಾರಿಸುತ್ತದಲ್ಲ, ಅದನ್ನು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಇವತ್ತು ಬೆಳಿಗ್ಗೆ ಓಣಿಯಲ್ಲಿ ಯಾರದೋ ಕಾರು ಹಾಗೆ ಹಾಡಿತು. ಕೈಯಲ್ಲಿದ್ದ ಲಟ್ಟಣಿಗೆ ಹಿಡಿದೇ ಬಾಗಿಲಿಗೆ ಹೋಗಿ ನಿಂತೆ. ನಗಬೇಡಿ, ಕಾರಣ ಇದೆ.

ನಾಲ್ಕು ವರ್ಷದ ಹಿಂದಿನ ಮಾತು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ಚಿಕ್ಕಮ್ಮನ ಬಸುರಿ ಮಗಳ ಕುಬಸದ ಊಟ ಮುಗಿಸಿ ಕಲಬುರಗಿಗೆ ಹೊರಟಿದ್ದೆವು. ಗಾಡಿ ಓಡಿಸುತ್ತಿದ್ದವಳು ನಾನು. ನಮ್ಮ ಯಜಮಾನರು ತುಪ್ಪದಲ್ಲಿ ಅದ್ದಿದ ನಾಲ್ಕು ಹೋಳಿಗೆ ಮುಗಿಸಿ, ಪಕ್ಕದ ಸೀಟಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಆಳಂದದ ಬಸ್ ಸ್ಟ್ಯಾಂಡ್ ಹತ್ತಿರ, ಮಿಠಾಯಿ ಅಂಗಡಿಯ ಮುಂದಿನಿಂದ ಒಂದು ಬಿಳಿ ಕಾರು ಅದೇ ಟ್ಯೂನ್ ಬಾರಿಸುತ್ತ ಹಿಂದಕ್ಕೆ ಬಂತು. ನಾನು ಗಾಡಿ ನಿಲ್ಲಿಸಿದೆ, ಹಾರ್ನ್ ಒತ್ತಿದೆ. ಅದು ನಿಲ್ಲಲಿಲ್ಲ. ನಿಂತ ನನ್ನ ಗಾಡಿಯ ಮುಂದಿನ ಮೂಲೆಗೆ ಬಂದು ಕುಟ್ಟಿತು.

ನಾನು ಬೆಲ್ಟ್ ಬಿಚ್ಚುವುದರೊಳಗೆ ಇವರು ಕಣ್ಣುಜ್ಜುತ್ತ ಇಳಿದು ಕೈ ಮುಗಿದೇಬಿಟ್ಟಿದ್ದರು.

"ಮಾಫ್ ಮಾಡ್ರಿ ಸಾವ್ಕಾರ್ರ. ಹೆಣ್ಮಗಳು, ಹೊಸದಾಗಿ ಕಲ್ತಾಳ."

ಹೊಸದಾಗಿ! ಇವರಿಗೆ ರಿವರ್ಸ್ ಕಲಿಸಿದ್ದೇ ನಾನು.

ಜನಕ್ಕೆ ಅಷ್ಟು ಸಾಕಾಯಿತು. ತೊಗರಿ ಮಾರಲು ಬಂದವರು, ಬಸ್ಸಿಗೆ ಕಾದವರು, ಎಲ್ಲರೂ ನ್ಯಾಯ ಹೇಳಲು ನಿಂತರು. ಬಿಳಿ ಕಾರಿನವ ನನ್ನ ಕಡೆ ನೋಡದೆ ಇವರನ್ನೇ ಕೇಳಿದ: "ಹೆಂಗಸರ ಕೈಯಾಗ ಗಾಡಿ ಯಾಕ ಕೊಡ್ತೀರಿ?" ಇವರು ತಲೆ ಆಡಿಸಿದರು. ತಲೆ ಆಡಿಸಿದರು ನೋಡ್ರಿ!

ನಾನು ಕೀಲಿ ತೆಗೆದು ಸೆರಗಿಗೆ ಕಟ್ಟಿಕೊಂಡೆ. "ಗಾಡಿ ಇಲ್ಲಿಂದ ಸರಿಯಂಗಿಲ್ಲ. ಏನಾತಂತ ನನ್ನ ಒಬ್ಬರಾದ್ರೂ ಕೇಳ್ರಿ."

ಹಿಂದೆ ಬಸ್ಸುಗಳ ಹಾರ್ನ್ ಶುರುವಾಯಿತು. ಇವರು ಹಲ್ಲು ಕಡಿದು, "ಬಿಡಬೇ, ಮರ್ಯಾದಿ ಹೋಗ್ತದ" ಎಂದರು.

"ಯಾರ ಮರ್ಯಾದಿ? ಡಿಕ್ಕಿ ಆದಾಗ ನೀವೇನು ಮಾಡಾಕತ್ತಿದ್ರಿ, ಅದನ್ನ ಹೇಳ್ರಿ."

ಬಸ್ಸಿನ ಕಿಟಕಿಗಳ ತುಂಬ ತಲೆಗಳು. ಕಾಲೇಜಿನಲ್ಲಿ ನೂರು ಹುಡುಗರಿಗೆ ಪಾಠ ಹೇಳುವವರು ಅಂಗಿಯ ಗುಂಡಿ ತಿರುವುತ್ತ ನಿಂತರು. ಕೊನೆಗೆ, "ನನಗ ನಿದ್ದಿ ಹತ್ತಿತ್ತರಿ. ನಾ ಏನೂ ನೋಡಿಲ್ಲ" ಎಂದರು.

"ಮತ್ತ ಮಾಫಿ ಯಾಕ ಕೇಳಿದ್ರಿ?" ಬಸ್ಸಿನ ಕಂಡಕ್ಟರ್ ಕೂಗಿದ.

"ರೂಢಿರಿ."

ಜನ ನಕ್ಕರು. ನಾನು ನಗಲಿಲ್ಲ. ಕಂಡಕ್ಟರ್ ನನ್ನ ಕಡೆ ತಿರುಗಿ, "ಅಕ್ಕಾರ, ನೀವ ಹೇಳ್ರಿ" ಎಂದ. ಎರಡೇ ಮಾತಿನಲ್ಲಿ ಹೇಳಿದೆ. ಬಿಳಿ ಕಾರಿನವನ ಮುಖ ಇಳಿಯಿತು. "ಫೋನಿನ್ಯಾಗ ಮಾತಾಡಾಕತ್ತಿದ್ದೆರಿ, ಹಿಂದ ನೋಡಿಲ್ಲ. ತಪ್ಪು ನಂದ" ಎಂದು ಒಪ್ಪಿಕೊಂಡ. ಅದನ್ನೂ ಇವರಿಗೇ ಹೇಳಿದ!

ಗಾಡಿ ಕಲಬುರಗಿ ಹತ್ತಿರ ಬಂತು. ಆಗ ಇವರು, "ತಪ್ಪಾತು" ಎಂದರು. ಈ ಸಲ ಪೂರ್ತಿ ಎಚ್ಚರವಿದ್ದರು.

ಈ ಕಥೆಯನ್ನು ಬಂಧುಬಳಗದಲ್ಲಿ ನಾನು ಹೇಳದ ಮನೆಯಿಲ್ಲ. ಇವತ್ತೂ ಅದೇ ಉರಿಯಲ್ಲಿ ಬರೆಯುತ್ತ ಕೂತಿದ್ದಾಗ ಜೇವರ್ಗಿಯಿಂದ ನಾದಿನಿಯ ಫೋನ್ ಬಂತು. "ಮಗನ ನಿಶ್ಚಯಕ್ಕ ನೀವೊಬ್ರ ಬಂದ್ರಿ, ಅಣ್ಣ ಯಾಕ ಬರ್ಲಿಲ್ಲ ವೈನಿ?"

"ಏನೂ ತಿಳ್ಕೋಬ್ಯಾಡವಾ, ಅವರಿಗಿ ಕಾಲೇಜಿನ್ಯಾಗ..." ಎಂದು ಶುರು ಮಾಡಿದವಳು ಅಲ್ಲೇ ನಿಲ್ಲಿಸಿದೆ. ಕಾಲೇಜಿಗೆ ಅವತ್ತು ರಜೆಯಿತ್ತು. ಇವರು ಬರದಿದ್ದುದಕ್ಕೆ, ತಡವಾಗಿ ಬಂದುದಕ್ಕೆ, ಬಂದು ಮುಖ ಗಂಟಿಕ್ಕಿ ಕೂತದ್ದಕ್ಕೆ ಇಪ್ಪತ್ತು ವರ್ಷದಿಂದ ನಾನು ಎಷ್ಟು ಜನರ ಮುಂದೆ ಹೀಗೆ ತಲೆ ಬಾಗಿಸಿಲ್ಲ! ಒಮ್ಮೆಯಾದರೂ ಯಾಕೆಂದು ಇವರನ್ನು ಕೇಳಿದ್ದೇನೆಯೇ?

ಫೋನನ್ನು ಒಯ್ದು, ಪೇಪರ್ ಓದುತ್ತಿದ್ದ ಇವರ ಕೈಯಲ್ಲಿಟ್ಟೆ. "ನಿಮ್ಮ ತಂಗಿ. ಯಾಕ ಬರ್ಲಿಲ್ಲಂತ ನೀವ ಹೇಳ್ರಿ."

ಇವರು ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿಬಿಟ್ಟೆ.