ಬೈಹುಲ್ಲಿನ ಚಂದಯ್ಯ

ಬಿಜೂರಿನ ಚಂದಯ್ಯ ಶೆಟ್ಟರನ್ನು ಊರವರು ಬೆನ್ನ ಹಿಂದೆ ಬೈಹುಲ್ಲಿನ ಚಂದಯ್ಯ ಎನ್ನುತ್ತಿದ್ದರು. ಯಾರ ದನದ ಹಟ್ಟಿಗೆ ಹೋದರೂ ಅವರದು ಒಂದೇ ಮಾತು: ದನಕ್ಕೆ ಮೊದಲು ಭತ್ತದ ಹುಲ್ಲು, ಉಳಿದದ್ದೆಲ್ಲ ಆಮೇಲೆ. ಹರೆಯದಲ್ಲಿ ಅವರ ಎತ್ತೊಂದು ಮದುವೆಮನೆಯ ಮಿಕ್ಕ ಅನ್ನ ತಿಂದು ಹೊಟ್ಟೆಯುಬ್ಬಿ ಸತ್ತಿತ್ತು.

"ಹ್ವಾಯ್ ಶೆಟ್ರೆ, ನೆಂಟ್ರಿಗೂ ಬೈಹುಲ್ಲೇ ಬಡ್ಸುದಾ?" ನೆರೆಮನೆಯ ಪಾಂಡು ಕೆಣಕುತ್ತಿದ್ದ.

"ನೀ ಬಾ ಮಾರಾಯ, ನಿಂಗೆ ಮೇಲಿಂದ ತೌಡೂ ಹಾಕ್ತೆ."

ನಗು ಏಳುತ್ತಿತ್ತು. ಮಾತು ಮಾತ್ರ ಯಾರ ಕಿವಿಗೂ ಇಳಿಯುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆರಡರ ದೀಪಾವಳಿ. ಸುಗ್ಗಿ ಬೆಳೆಗೆ ಗದ್ದೆ ಉಳಬೇಕಿತ್ತು. ಚಂದಯ್ಯನವರ ಎತ್ತಿನ ಜೋಡಿಯಲ್ಲಿ ಬಲವಿದ್ದದ್ದು ಬೊಳ್ಳನಿಗೆ. ಅವನಿಲ್ಲದಿದ್ದರೆ ಆ ವರ್ಷ ಗದ್ದೆ ಬೀಳು. ಗೋಪೂಜೆಯ ಬೆಳಿಗ್ಗೆ ಚಂದಯ್ಯ ಅವನ ಮೈ ತೊಳೆದು, ಶೇಡಿಮಣ್ಣಿನ ಬಿಳಿ ಉಂಗುರ ಒತ್ತಿ, ಚೆಂಡುಹೂ ಕಟ್ಟಿ, ಶಾಸ್ತ್ರಕ್ಕೆಂದು ಒಂದು ಕಡುಬು ತಿನ್ನಿಸಿದರು.

"ಆಯ್ತ್. ಇನ್ ಯಾರೂ ಎಂತದೂ ಕೊಡುಕಾಗ," ಎಂದು ಮನೆಯವರಿಗೆಲ್ಲ ಹೇಳಿ ತ್ರಾಸಿಯ ತಂಗಿ ಮನೆಗೆ ಹೋದರು.

ಮಧ್ಯಾಹ್ನ ಕಳೆದು ಬಂದಾಗ ಬೊಳ್ಳ ಮಲಗಿದ್ದ. ಎಡಹೊಟ್ಟೆ ಚೆಂಡೆಯಂತೆ ಬಿಗಿದಿತ್ತು. ಮೆಲುಕಿಲ್ಲ. ಉಸಿರಿನಲ್ಲಿ ಹುಳಿ ವಾಸನೆ.

"ಯಾರ್ ಎಂತ ಹಾಕಿದ್ರಿ?"

ಹೆಂಡತಿ ಕುಸುಮಾವತಿ ಸೆರಗು ಹಿಡಿದು ನಿಂತಳು. "ನಾನ್ ಚೂರ್ ಅವಲಕ್ಕಿ ಬೆಲ್ಲ, ಅಷ್ಟೇ. ಹಬ್ಬ ಅಲ್ದಾ?"

"ನನ್ ಮೋರೆಯೇ ಕಾಂತಿತ್ತ್ ಅಪ್ಪಯ್ಯ," ಎಂದಳು ಮಗಳು ಹರಿಣಾಕ್ಷಿ. "ಕಡುಬ್ ಕೊಟ್ಟೆ."

ಕಾಣಲು ಬಂದ ಪಾಂಡು ತಲೆ ಕೆರೆದುಕೊಂಡ. "ನಮ್ಮನಿದೂ ಒಂದ್ ಹರಿವಾಣ ಆಯ್ತಲ್ಲ ಶೆಟ್ರೆ..."

ಚಂದಯ್ಯನವರ ತಾಯಿ ಅಕ್ಕು ಮೆಲ್ಲಗೆ ಒಳಗೆ ಸರಿದರು. ಹಟ್ಟಿಯ ಮೂಲೆಯಲ್ಲಿ ಅನ್ನದ ದೊಡ್ಡ ಪಾತ್ರೆ ನೆಕ್ಕಿ ಬೆಳಗಿದಂತೆ ಹೊಳೆಯುತ್ತಿತ್ತು.

ಎಲ್ಲರೂ ಒಬ್ಬರಿಗೊಬ್ಬರು ತಿಳಿಯದಂತೆ ಅವನನ್ನು ಪ್ರೀತಿಸಿದ್ದರು. ಯಾರನ್ನು ಬಯ್ಯುವುದು? ಚಂದಯ್ಯ ಕಂಬಕ್ಕೆ ಕೈ ಗುದ್ದಿಕೊಂಡರು.

ಬೈಂದೂರಿನಿಂದ ದನದ ಡಾಕ್ಟರು ಗೋವರ್ಧನ ರಾಯರು ಬಂದು, ಅಡುಗೆ ಸೋಡ ಕದಡಿದ ನೀರನ್ನು ಬಿದಿರ ಗೊಟ್ಟದಲ್ಲಿ ಮೆಲ್ಲಗೆ ಕುಡಿಸಿದರು.

"ಹುಲ್ಲಿನ ನಾರು, ಅಕ್ಕಿಯ ಹಿಟ್ಟು, ಬೆಲ್ಲದ ಸಿಹಿ, ಮೂರೂ ಒಂದೇ ಜಾತಿ. ದನಕ್ಕೆ ಬಲ ಬರುವುದು ಇವುಗಳಿಂದಲೇ," ಎಂದರು. "ನಾರು ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ. ಅದನ್ನು ಮೆಲುಕು ಹಾಕುವಾಗ ಇಳಿಯುವ ಜೊಲ್ಲು ಹುಳಿಯನ್ನು ಮುರಿಯುತ್ತದೆ. ಹಿಟ್ಟು, ಸಿಹಿ ಹದದಲ್ಲಿದ್ದರೆ ಒಳ್ಳೆಯದೇ. ಒಟ್ಟಿಗೆ ಬಿದ್ದರೆ ದೋಸೆ ಹಿಟ್ಟಿನ ಹಾಗೆ ಹುಳಿತು ಉಕ್ಕುತ್ತವೆ. ಇನ್ನು ಬರೀ ಒಣಹುಲ್ಲು ಕೊಡಿ."

"ಕೇಂಡ್ರ್ಯಾ?" ಚಂದಯ್ಯ ಎಲ್ಲರತ್ತ ತಿರುಗಿದರು. "ನಾನ್ ಬಾಯ್ ಬಡ್ಕಂಡದ್ದ್ ಇದೇ ಅಲ್ದಾ?"

ಎಲ್ಲರೂ ಡಾಕ್ಟರರನ್ನು ನೋಡಿ ತಲೆಯಾಡಿಸಿದರು. ಆ ತಲೆಯಾಟ ಚಂದಯ್ಯನವರನ್ನು ಇನ್ನಷ್ಟು ಚುಚ್ಚಿತು.

ಅವರು ಹಟ್ಟಿಯಲ್ಲೇ ಉಳಿದು ಬೊಳ್ಳನ ಹೊಟ್ಟೆ ನೀವಿದರು. ಮರುದಿನವೂ ಅವನು ಹುಲ್ಲು ಮೂಸಿ ಬಿಟ್ಟ. ಅದರಾಚೆಯ ಬೆಳಿಗ್ಗೆ ಎದ್ದು ನಿಂತ. ಒಂದೆಳೆ ಬೈಹುಲ್ಲು ಎಳೆದ. ಬಿಸಿಲೇರುವಾಗ ದವಡೆ ಮೆಲ್ಲಗೆ ಪಕ್ಕಕ್ಕೆ ಆಡತೊಡಗಿತು. ಮೆಲುಕು! ಚಂದಯ್ಯನವರಿಗೆ ಕಣ್ಣು ತುಂಬಿ ಹಟ್ಟಿಯೇ ಮಂಜಾಯಿತು.

ಹಿಂದೆ ಹೆಜ್ಜೆ ಸಪ್ಪಳ. ಅಕ್ಕು ನಿಂತಿದ್ದರು, ಕೈಯಲ್ಲಿ ಗಂಜಿಯ ಚೆಂಬು.

"ಪಾಪ ಮಗಾ, ಬೊಳ್ಳಂಗೆ ಹಸ್ವ್..."

ಚಂದಯ್ಯ ಚೆಂಬನ್ನು ಕಿತ್ತುಕೊಂಡು ಅಲ್ಲೇ ನಿಂತು, ಉಸಿರು ಬಿಡದೆ ಕೊನೆಯ ಅಗುಳಿನವರೆಗೆ ತಾವೇ ಕುಡಿದರು.

ಅಕ್ಕು ಖಾಲಿ ಚೆಂಬಿನೊಳಗೆ ಇಣುಕಿದರು.

"ಅದ್ಕೆ ಉಪ್ಪ್ ಹಾಕ್ಲಿಲ್ಲ, ಮಗಾ."