ಬಿಳಿ ದೋಣಿ ಬೇಡ ಎಂದವರು

1998ರ ಮೇ 10, ಭಾನುವಾರ, ಸಂಜೆ ನಾಲ್ಕೂವರೆ. ಹಲಸೂರು ಕೆರೆಯ ದಂಡೆಯಲ್ಲಿ, ನಡುವೆ ಸ್ಟೀರಿಂಗ್ ಇದ್ದ ಎರಡು ಪುಟ್ಟ ಮೋಟಾರು ದೋಣಿಗಳಲ್ಲಿ ಅಪ್ಪ ಅಂಚು ತಗ್ಗಾಗಿದ್ದ ಬಿಳಿಯದನ್ನು ಆರಿಸಿದರು. ಅದರಲ್ಲಿ ಕೂತರೆ ನಾಲ್ಕು ವರ್ಷದ ತಂಗಿಯೂ ಮೀನುಗಳಿಗೆ ಕಡಲೆಪುರಿ ಹಾಕಬಹುದಿತ್ತು.

ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ತಂಗಿಯ ಕೈಯಲ್ಲಿದ್ದ ಪುರಿ ಪೊಟ್ಟಣ ನೋಡಿ ಅಮ್ಮನಿಗೆ ಮೆಲ್ಲಗೆ ಹೇಳಿದರು: "ಆ ಬಿಳಿ ದೋಣಿ ಬೇಡ ಅಕ್ಕಾ. ಬೇರೆ ಊರಿನ ಕೆರೇಲಿ ನಾವೂ ಇಂಥದ್ದನ್ನೇ ಹತ್ತಿದ್ವಿ. ಪುರಿ ಹಾಕೋಕೆ ಅಂತ ಎಲ್ರೂ ಒಂದೇ ಕಡೆ ಬಗ್ಗಿದ್ವಿ, ಮಗುಚ್ಕೊಳ್ತು. ಮಗಳು ಉಳೀಲಿಲ್ಲ."

ಅಪ್ಪ ಅಂಚು ಎತ್ತರವಿದ್ದ ನೀಲಿ ದೋಣಿಗೆ ನಮ್ಮನ್ನು ಹತ್ತಿಸಿದರು. ಕೈಗೆ ನೀರು ಎಟುಕದೆ ತಂಗಿ ಅತ್ತಳು. ಅಮ್ಮ ಅವಳ ಫ್ರಾಕು ಹಿಡಿದ ಕೈಯನ್ನು ಸಡಿಲಿಸಲೇ ಇಲ್ಲ.

ಮರಳಿದಾಗ ಆ ಹೆಂಗಸು ಅಲ್ಲಿರಲಿಲ್ಲ. ಪುರಿ ಪೊಟ್ಟಣ ಬಿಚ್ಚದೆ ಮನೆಗೆ ಬಂತು. ಆ ಮಗುವಿನ ಹೆಸರನ್ನೂ ನಾವು ಕೇಳಿರಲಿಲ್ಲ. ಆ ತಾಯಿಯನ್ನು ಬಲ್ಲವರಿದ್ದರೆ, ಆ ಹೆಸರನ್ನಾದರೂ ಬರೆದು ತಿಳಿಸಿ.